ಎರಡನೇ ಬ್ರೇಕು

ಮೃದುಲಾ ತನ್ನ ಗಾಡಿ ಮಾರಬೇಕೆಂದಿದ್ದಾಳೆ. ಮೃದುಲಾ ಅಂದರೆ ನನ್ನ ತಂಗಿಯ ಮಗಳು, ಇಲ್ಲೇ ನಾಗಪುರದಲ್ಲಿ ಬ್ಯಾಂಕಿನ ಕೆಲಸ. ಮೊನ್ನೆ ಬಂದವಳು, ಮೌಶಿ, ಕಾಕಾ ಜೀವಮಾನವೆಲ್ಲ ಗಾಡಿಯೊಳಗೇ ಕಳೆದರು, ಮಾರೋ ಮುಂದೆ ಏನೇನು ನೋಡಿಕೋಬೇಕು ನಿನಗೆ ಗೊತ್ತಿರಬೇಕಲ್ಲ ಅಂದಳು. ಗೊತ್ತದ. ಆದರೆ ಅದನ್ನು ಹೇಳಬೇಕಾದರೆ ನಮ್ಮ ಮನಿಯವರ ಕಥೆಯನ್ನೇ ಹೇಳಬೇಕಾಗುತ್ತದೆ. ಬಾಯಿಂದ ಹೇಳಲಿಕ್ಕೆ ಆಗಲಿಲ್ಲ, ಅದಕ್ಕೇ ಬರೆದಿದ್ದೇನೆ. ಗಾಡಿ ಇದ್ದವರು ಬೇರೆಯವರೂ ಓದಲಿ.

ನಮ್ಮ ಮನಿಯವರ ಹೆಸರು ಮಧ್ವೇಶ. ವಿಜಾಪುರದ ಕಡೆಯವರು. ಹರೆಯದಲ್ಲಿ ಸರಕಾರಿ ಆಫೀಸಿನ ಜೀಪು ಓಡಿಸಲಿಕ್ಕೆ ನಾಗಪುರಕ್ಕೆ ಬಂದವರು, ಆಮೇಲೆ ನೌಕರಿ ಬಿಟ್ಟು ಡ್ರೈವಿಂಗ್ ಕ್ಲಾಸ್ ತೆಗೆದರು. ಪ್ರತಾಪನಗರದಲ್ಲಿ ಒಂದು ಖೋಲಿ, ಬಾಗಿಲ ಮುಂದೆ ಒಂದು ಬಿಳಿ ಗಾಡಿ, ಅಷ್ಟೇ ಕ್ಲಾಸು. ಹೊಸ ಗಾಡಿ ಬಂದಾಗಲೆಲ್ಲ ಮೊದಲ ಕೆಲಸ ಅದನ್ನು ಊರ ಹೊರಗಿನ ವಾಡಿಗೆ ಒಯ್ಯೋದು. ಅಲ್ಲಿ ಲಾರಿಗಳ ಗ್ಯಾರೇಜಿನ ಸಾಲಿನಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದ. ಅವನು ಎಡಗಡೆಯ ಸೀಟಿನ ಮುಂದೆ, ಕಲಿಸುವವರ ಕಾಲಿಗೆ ಸಿಗುವ ಹಾಗೆ, ಇನ್ನೊಂದು ಬ್ರೇಕು ಇನ್ನೊಂದು ಕ್ಲಚ್ಚು ಕೂಡಿಸಿ ಕೊಡುತ್ತಿದ್ದ. ಕಲಿಯುವವರು ಬಲಗಡೆ ಕೂತು ಏನೇ ಅವಾಂತರ ಮಾಡಲಿ, ಇವರು ಎಡಗಡೆ ಕೂತು ಗಾಡಿ ನಿಲ್ಲಿಸಬಹುದು.

ಹೊಸದಾಗಿ ಬಂದವರಿಗೆ, ಅದರಲ್ಲೂ ಸ್ಟೇರಿಂಗ್ ಹಿಡಿದು ಬೆವೆತು ಕೂತ ಹೆಣ್ಣುಮಕ್ಕಳಿಗೆ, ಇವರು ಹೇಳುತ್ತಿದ್ದದ್ದು ಒಂದೇ ಮಾತು.

"ಓಡಸೋದು ನಿಮ್ಮ ಕೆಲಸ, ನಿಲ್ಲಸೋದು ನನ್ನ ಕೆಲಸ. ಧೈರ್ಯಲೇ ತಪ್ಪು ಮಾಡ್ರಿ."

ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ನಮ್ಮವರು ಸಿಕ್ಕರೆ ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತು ಕೇಳಿದ ಮೇಲೆ ಎಂಥ ಅಂಜುಬುರುಕರೂ ಗಾಡಿ ಮುಂದೆ ಬಿಡುತ್ತಿದ್ದರು. ಬೈದದ್ದು, ಸ್ಟೇರಿಂಗ್ ಕಸಿದುಕೊಂಡದ್ದು ಇಲ್ಲ. ಎದುರಿಗೆ ಎಮ್ಮೆ ಬಂದರೂ ಸರಿ, ಬಸ್ ಬಂದರೂ ಸರಿ, ಇವರ ಬಲಗಾಲು ಸದ್ದಿಲ್ಲದೆ ಕೆಳಗೆ ಹೋಗುತ್ತಿತ್ತು, ಗಾಡಿ ನಿಲ್ಲುತ್ತಿತ್ತು. ಕಲಿಯುವವರು ತಾವೇ ನಿಲ್ಲಿಸಿದೆವು ಅಂದುಕೊಳ್ಳುತ್ತಿದ್ದರು. ಇವರೂ ಹೂಂ ಅನ್ನುತ್ತಿದ್ದರು.

ಆ ಕಾಲು ಮನೆಯಲ್ಲೂ ಸುಮ್ಮನಿರಲಿಲ್ಲ. ಟಿವಿಯಲ್ಲಿ ಗಾಡಿ ಜೋರಾಗಿ ಬಂದರೆ ಖುರ್ಚಿಯ ಮುಂದಿನ ಫರಶಿ ತುಳಿಯುತ್ತಿದ್ದರು. ಆಟೋದಲ್ಲಿ ಕೂತರೆ ಆಟೋದವನಿಗಿಂತ ಮೊದಲು ಇವರ ಬ್ರೇಕು. ಒಮ್ಮೆ ಸೋಲಾಪುರಕ್ಕೆ ರೈಲಿನಲ್ಲಿ ಹೋಗುವಾಗ ಸ್ಟೇಷನ್ ಹತ್ತಿರ ಬಂತು, ಇವರ ಕಾಲು ಕೆಳಗೆ ಹೋಯಿತು.

"ರೈಲೂ ನೀವೇ ನಿಲ್ಲಸ್ತೀರೇನ್ರಿ?" ಅಂದೆ.

"ಯಾರರೆ ನಿಲ್ಲಸಬೇಕಲ್ಲ" ಅಂದರು. ಎದುರಿಗೆ ಕೂತವರು ನಕ್ಕರು, ಇವರು ನಗಲಿಲ್ಲ. ಇವರಿಗೆ ಅದು ಹಾಸ್ಯ ಆಗಿರಲಿಲ್ಲ.

ಖಂಡೇನವಮಿ ದಿವಸ ಗಾಡಿ ತೊಳೆದು, ಝೆಂಡು ಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವಾಗ ಇವರು ಕೈ ಮುಗಿದು ಕೇಳುತ್ತಿದ್ದದ್ದು ದುಡ್ಡಲ್ಲ, ಆಯುಷ್ಯ ಅಲ್ಲ. ಈ ಗಾಡಿಯಿಂದ ಯಾರ ರಕ್ತವೂ ಬೀಳಬಾರದು ಅಂತ. ಇಷ್ಟು ವರ್ಷ ಕಲಿಸಿ, ಅರ್ಧ ನಾಗಪುರಕ್ಕೆ ಗಾಡಿ ಕಲಿಸಿ, ಒಂದು ನಾಯಿಯ ಕಾಲು ಕೂಡ ಇವರ ಗಾಲಿಗೆ ಸಿಕ್ಕಿರಲಿಲ್ಲ. ಅದನ್ನು ಹೊರಗೆ ಎಲ್ಲೂ ಹೇಳಿಕೊಂಡವರಲ್ಲ, ಆದರೆ ಅವರ ಗಳಿಕೆ ಅಂದರೆ ಅದೊಂದೇ ಇತ್ತು.

ಅದಕ್ಕೇ, ಕಣ್ಣಿನ ಡಾಕ್ಟರರು ನಿಮಗೆ ಮಗ್ಗುಲಿನ ನೋಟ ಕಡಿಮೆ ಆಗುತ್ತಿದೆ ಅಂದ ದಿನವೇ ಇವರು ಕ್ಲಾಸು ಮುಚ್ಚಿದರು. ಇನ್ನೂ ಒಂದೆರಡು ವರ್ಷ ನಡೆಸಬಹುದಿತ್ತು. ಬೇಡ ಅಂದರು. ಕೈ ಸ್ವಚ್ಛ ಇರುವಾಗಲೇ ಕೆಳಗೆ ಇಳಿಯಬೇಕು, ಗಾಡಿ ಮಾರಿಬಿಡೋಣ ಅಂದರು.

ಮಾರಲಿಕ್ಕೆ ಬಂಡೂ ಅಂತ ಒಬ್ಬ ದಲ್ಲಾಳಿ ಸಿಕ್ಕ. ಬಾಯಿತುಂಬ ತಂಬಾಕು-ಅಡಿಕೆಯ ಖರ್ರಾ ಅಗಿಯುತ್ತ ಗಾಡಿಯ ಸುತ್ತ ತಿರುಗಿ, ಕ್ಲಾಸಿನ ಗಾಡಿ ಅಂದರೆ ಯಾರೂ ತಗೊಳ್ಳೋದಿಲ್ಲ ಕಾಕಾ, ಕ್ಲಚ್ಚು ಗೇರು ಎಲ್ಲ ಕಲಿಯುವವರು ತಿಂದಿರುತ್ತಾರೆ ಅಂತ ಗಿರಾಕಿಗೆ ಗೊತ್ತು ಅಂದ. ಎಡಗಡೆಯ ಪೆಡಲ್ ಬಿಚ್ಚಿಸಬೇಕು, ಬಾಡಿಯ ಮೇಲಿನ ಅಕ್ಷರ ಅಳಿಸಬೇಕು, ಹಳದಿ ನಂಬರ್ ಪ್ಲೇಟು ಬಿಳಿ ಮಾಡಿಸಬೇಕು, ಹೊಸ ಸೀಟ್ ಕವರ್, ಹೊಸ ಮ್ಯಾಟು. ಮನೆಯ ಗಾಡಿ ಅಂತ ಹೇಳಿದರೆ ಮುಗಿಯಿತು.

ಇವರು ಪೆಡಲ್ ಬಿಚ್ಚಿಸುತ್ತೇನೆ, ಸುಳ್ಳು ಹೇಳೋದಿಲ್ಲ ಅಂದರು. ಹಾಗೇ ಮಾಡಿದರು. ಮಿಸ್ತ್ರಿ ಪೆಡಲ್ ತೆಗೆದು ನೆಲದ ತೂತಿಗೆ ತಗಡು ಬೆಸೆದು, ಮೇಲೆ ಕರೀ ಮ್ಯಾಟು ಹಾಸಿದ. ಆರ್‌ಟಿಒದವರು ಬಂದು ನೋಡಿ, ಖಾಸಗಿ ಗಾಡಿ ಅಂತ ಆರ್‌ಸಿ ಮಾಡಿಕೊಟ್ಟರು. ಬಿಚ್ಚಿದ ಪೆಡಲ್‌ಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಮಂಚದ ಕೆಳಗೆ ಇಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು ಮೃದುಲಾ. ಗಾಡಿಯಲ್ಲಿ ಏನೇ ಕೂಡಿಸಿರಿ, ಏನೇ ಬಿಚ್ಚಿರಿ, ಆರ್‌ಟಿಒಗೆ ಹೇಳಿದ ಹಾಗೆ ವಿಮೆಯವರಿಗೂ ಬರೆದು ತಿಳಿಸಬೇಕಂತೆ. ನಮಗೆ ಅದು ತಲೆಯಲ್ಲೇ ಬರಲಿಲ್ಲ. ಮಾರುವ ಗಾಡಿಗೆ ವಿಮೆ ಎಂಥದ್ದು ಅಂದುಕೊಂಡೆವು. ಗಾಡಿ ಇನ್ನೊಬ್ಬರ ಹೆಸರಿಗೆ ಆಗುವ ತನಕ ಅದು ನಿಮ್ಮದೇ, ಅದರ ಪಾಪವೂ ನಿಮ್ಮದೇ.

ಗಿರಾಕಿ ಬಂದದ್ದು ಇತವಾರಿ ಪೇಟೆಯಿಂದ. ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯ ಶೇಠ, ಮಗನಿಗೆ ಕೈ ಪಳಗಲಿಕ್ಕೆ ಒಂದು ಹಳೇ ಗಾಡಿ ಬೇಕಾಗಿತ್ತು. ಶೇಠರಿಗೆ ಮೊಣಕಾಲು ನೋವು, ಮಗನನ್ನು ಕಳಿಸಿದರು. ಋತ್ವಿಕ್ ಅಂತ ಹೆಸರು, ಕಾಲೇಜು ಮುಗಿಸಿದವ, ನಯವಾಗಿ ಮಾತಾಡುತ್ತಿದ್ದ, ಬಂದವನೇ ನಮ್ಮಿಬ್ಬರಿಗೂ ನಮಸ್ಕಾರ ಮಾಡಿದ. ಇವರು ಅವನ ಲೈಸನ್ಸ್ ಕೇಳಿ ನೋಡಿದರು. ಹೊಸದು, ಆದರೆ ಖರೇದು. ಇದು ಕ್ಲಾಸಿನ ಗಾಡಿ ನೋಡಪ್ಪಾ, ಕ್ಲಚ್ಚು ಒಮ್ಮೆ ಬದಲಿಸಿದ್ದೇನೆ, ಎಲ್ಲ ಹೇಳಿಯೇ ಮಾರುತ್ತೇನೆ ಅಂದರು. ಬಂಡೂ ಮುಖ ಆ ಕಡೆ ತಿರುಗಿಸಿಕೊಂಡ.

ಟ್ರಯಲ್‌ಗೆ ಹೊರಟರು. ಋತ್ವಿಕ್ ಬಲಗಡೆ ಕೂತ. ಇವರು ಬಾಗಿಲು ತೆಗೆದು ಎಡಗಡೆ ಕೂತರು. ಇಷ್ಟು ವರ್ಷ ಎಲ್ಲಿ ಕೂತಿದ್ದರೋ ಅಲ್ಲಿಯೇ. ಇತವಾರಿಯಲ್ಲಿ ತೊಗರಿಬೇಳೆ ತರೋದಿತ್ತು, ನಾನೂ ಚೀಲ ಹಿಡಿದು ಹಿಂದೆ ಕೂತೆ. ರಿಂಗ್ ರೋಡಿನಲ್ಲಿ ಹುಡುಗ ಚಲೋ ಓಡಿಸಿದ. ಆಮೇಲೆ, ಅಂಕಲ್, ಪಪ್ಪಾ ಒಮ್ಮೆ ಗಾಡಿ ನೋಡಲಿ, ಅಂಗಡಿಯ ತನಕ ಹೋಗೋಣವಾ ಅಂತ ಕೇಳಿದ.

ಹೊಸಬನ ಕೈಯಲ್ಲಿ ಗಾಡಿ, ಹಗಲುಹೊತ್ತಿನ ಇತವಾರಿ. ಬೇರೆ ಯಾರೇ ಆಗಿದ್ದರೂ ಬೇಡ ಅನ್ನುತ್ತಿದ್ದರು, ಇಲ್ಲಾ ಇಳಿದು ತಾವೇ ಓಡಿಸುತ್ತಿದ್ದರು. ಆದರೆ ಇವರು ಹೊಸಬರನ್ನು ಕೊನೆಯ ಪಾಠಕ್ಕೆ ಒಯ್ಯುತ್ತಿದ್ದದ್ದೇ ಇತವಾರಿಗೆ. ಅಲ್ಲಿಂದ ಹೊರಗೆ ಬಂದವನು ಎಲ್ಲಿ ಬೇಕಾದರೂ ಓಡಿಸುತ್ತಾನೆ ಅನ್ನುತ್ತಿದ್ದರು. ಹುಡುಗ ಪೇಟೆಯ ತಿರುವಿನಲ್ಲಿ ಗಾಡಿ ನಿಧಾನ ಮಾಡಿ ಇವರ ಕಡೆ ನೋಡಿದ. ಇವರು ಅದೇ ಹಳೇ ದನಿಯಲ್ಲಿ, "ಚಲೋ ಬೇಟಾ, ನಾನು ಇದ್ದೀನಿ" ಅಂದರು.

ಇತವಾರಿಯ ಓಣಿಯಲ್ಲಿ ಎರಡೂ ಕಡೆ ಟೆಂಪೋ, ನಡುವೆ ಕೈಗಾಡಿಗಳು. ನಮ್ಮ ಮುಂದೆ ಒಂದು ಕೈಗಾಡಿ, ತಗಡಿನ ಹಾಳೆಗಳ ಹೇರು. ಮುಂದೆ ಒಬ್ಬ ಎಳೆಯುತ್ತಿದ್ದ, ಹಿಂದೆ ಒಬ್ಬ ತಲೆ ಬಗ್ಗಿಸಿ ಎರಡೂ ಕೈಯಿಂದ ನೂಕುತ್ತಿದ್ದ. ಮಾಸಿದ ಗುಲಾಬಿ ಅಂಗಿ, ಹೆಗಲಿಗೆ ಟಾವೆಲ್. ಎದುರಿಗೆ ಏನೋ ಅಡ್ಡ ಬಂದು ಕೈಗಾಡಿ ಗಕ್ಕನೆ ನಿಂತಿತು. ಹುಡುಗ ಗಾಬರಿಯಾದ. ಬ್ರೇಕಿಗೆ ಹೋಗಬೇಕಾದ ಅವನ ಕಾಲು ಎಕ್ಸಿಲೇಟರಿಗೆ ಹೋಯಿತು.

ನಾನು ಹುಡುಗನ ಹಿಂದೆ ಕೂತಿದ್ದೆ, ಇವರು ನನಗೆ ಓರೆಯಾಗಿ ಕಾಣುತ್ತಿದ್ದರು. ಇವರ ಬಲ ಮೊಣಕಾಲು ಕೆಳಗೆ ಹೋದದ್ದನ್ನು ನಾನು ನೋಡಿದೆ. ಸೀಟಿಗೆ ಬೆನ್ನು ಒತ್ತಿ, ಹಲ್ಲು ಕಚ್ಚಿ, ಇದ್ದ ಬಲವೆಲ್ಲ ಹಾಕಿ ತುಳಿದರು. ಮ್ಯಾಟಿನ ಕೆಳಗಿನ ತಗಡು ದಬ್ಬಂತು. ಗಾಡಿ ನಿಲ್ಲಲಿಲ್ಲ. ಇವರು ಇನ್ನೂ ತುಳಿಯುತ್ತಲೇ ಇದ್ದರು.

ಗುಲಾಬಿ ಅಂಗಿಯವನು ನಮ್ಮ ಗಾಡಿಗೂ ಕೈಗಾಡಿಗೂ ನಡುವೆ ಸಿಕ್ಕ. ಅದಕ್ಕಿಂತ ಹೆಚ್ಚು ನಾನು ಬರೆಯೋದಿಲ್ಲ.

ಅವನ ಹೆಸರು ಗುಲಾಬರಾವ ನಿನಾವೆ. ಜನ ಅವನನ್ನು ಒಂದು ಟೆಂಪೋದಲ್ಲಿ ಹಾಕಿದರು, ಇವರೂ ಅದರಲ್ಲೇ ಹತ್ತಿದರು. ನಾನು ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಬೇಳೆಯ ಖಾಲಿ ಚೀಲ ಹಿಡಿದು ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಋತ್ವಿಕ್ ರಸ್ತೆಯಲ್ಲೇ ವಾಂತಿ ಮಾಡಿಕೊಂಡ. ಅವನಪ್ಪ ಕುಂಟುತ್ತ ಬಂದು ಅವನನ್ನು ಹಿಡಿದುಕೊಂಡ.

ಪೊಲೀಸ್ ಠಾಣೆಯಲ್ಲಿ ಫೌಜದಾರ ನಮ್ಮಿಬ್ಬರನ್ನೂ ಕೂಡಿಸಿ ಚಹಾ ಕೊಟ್ಟ. ಅವನ ಹೆಂಡತಿ ಇವರ ಹತ್ತಿರವೇ ಗಾಡಿ ಕಲಿತವಳಂತೆ. ಓಡಿಸಿದವ ಹುಡುಗ, ಲೈಸನ್ಸ್ ಇದೆ, ಕೇಸು ಅವನ ಮೇಲೆ ಆಗುತ್ತದೆ, ನೀವು ಸಾಕ್ಷಿ ಅಷ್ಟೇ ಅಂದ. ಆಮೇಲೆ, ಬೇಕಂತ ಅಲ್ಲ, ಸುಮ್ಮನೆ ಕೇಳಿದ. ಹ್ಯಾಂಡ್ ಬ್ರೇಕು ನಿಮ್ಮ ಕೈಯ ಮಗ್ಗುಲಿಗೇ ಇತ್ತಲ್ಲ ಕಾಕಾ, ಅದನ್ನು ಯಾಕೆ ಎಳೆಯಲಿಲ್ಲ?

ಇವರು ಕಪ್ಪು ಮೇಜಿನ ಮೇಲೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಅವನಿಗೆ ತಿಳಿಯದ ನಮ್ಮ ಭಾಷೆಯಲ್ಲಿ ಹೇಳಿದರು: "ಕಾಲು ತುಳೀಲಿಕ್ಕತ್ತಿತ್ತಲ್ಲ ವಿಜಯಾ. ಬ್ರೇಕು ಬಿದ್ದದ ಅಂತನ ತಿಳಕೊಂಡಿದ್ದೆ. ಕೈಗೆ ಏನೂ ಹೇಳಲೇ ಇಲ್ಲ."

ಗುಲಾಬರಾವ ಆ ವಾರದಲ್ಲೇ ಹೋದ. ಇವರು ಅಷ್ಟೂ ದಿನ ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು, ಒಳಗೆ ಹೋಗುವ ಧೈರ್ಯ ಆಗಿರಲಿಲ್ಲ. ಬಂಡೂ ಬಂದು, ನೀವು ಅವನ ಮನೆಯವರ ಕಣ್ಣಿಗೆ ಬೀಳಬೇಡಿ, ಜನ ಸುಮ್ಮನಿರೋದಿಲ್ಲ ಅಂದ. ಮಂಚದ ಕೆಳಗಿನ ಪೆಡಲ್ ಮಾತು ಯಾರ ಮುಂದೆಯೂ ತೆಗೆಯಬೇಡಿ ಅಂತಲೂ ಹೇಳಿದ.

ದಿನಕರ್ಮ ಎಲ್ಲ ಮುಗಿದ ಮೇಲೆ ಇವರು ಗುಲಾಬರಾವನ ಮನೆ ಹುಡುಕಿಕೊಂಡು ಹೊರಟರು. ಒಬ್ಬರನ್ನೇ ಕಳಿಸಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಒಂದು ತಗಡಿನ ಮನೆ, ಬಾಗಿಲಲ್ಲಿ ಅವನ ಹೆಂಡತಿ ಕೌಸಾಬಾಯಿ ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಇವರು ತಾವು ಯಾರು ಅಂತ ಹೇಳಿದರು. ಬೈಯುತ್ತಾಳೆ, ಇಲ್ಲಾ ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಇವರ ಬಿಳಿಗೂದಲು ನೋಡಿದಳು, ನನ್ನನ್ನು ನೋಡಿದಳು. ಗಾಡಿ ಯಾರು ಓಡಿಸುತ್ತಿದ್ದರು, ನೀವಾ ಆ ಹುಡುಗನಾ, ಖರೇ ಹೇಳಿರಿ ಅಂದಳು. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ ಅಂದಳು.

ಹುಡುಗ ಅಂದುಬಿಟ್ಟಿದ್ದರೆ ಸಾಕಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಓಡಿಸ್ತಿದ್ದವ ಹುಡುಗ, ತಾಯಿ" ಅಂದರು ಇವರು. "ನಿಲ್ಲಿಸೋದು ನನ್ನ ಕೆಲಸ ಇತ್ತು."

ಪೆಡಲ್ ಬಿಚ್ಚಿಸಿದ್ದು, ತಗಡು ಬೆಸೆಯಿಸಿದ್ದು, ಎಲ್ಲ ಹೇಳಿದರು. ಅವಳಿಗೆ ಅದರಲ್ಲಿ ಎಷ್ಟು ತಿಳಿಯಿತೋ. ಕೇಳುವಷ್ಟು ಕೇಳಿ, ಮೊರ ತಗೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನಾವು ಸ್ವಲ್ಪ ಹೊತ್ತು ನಿಂತಿದ್ದು ಬಂದೆವು.

ಕೋರ್ಟಿನಲ್ಲೂ ಹಾಗೇ ಹೇಳಿದರು. ವಿಮೆಯವರು ಗಾಡಿ ಬದಲಾದದ್ದನ್ನು ನಮಗೆ ತಿಳಿಸಿಲ್ಲ ಅಂತ ತಕರಾರು ಹಾಕಿದರು, ಕೌಸಾಬಾಯಿಗೆ ಸಿಗಬೇಕಾದದ್ದು ವರ್ಷಗಟ್ಟಲೆ ತಡೆಯಿತು. ಒಂದು ಕಾಗದ ಬರೆದು ಹಾಕಿದ್ದರೆ ಆಗುತ್ತಿತ್ತು. ತಾರೀಖು ಇದ್ದಾಗಲೆಲ್ಲ ಇವರು ಕರೆಯದಿದ್ದರೂ ಹೋಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದರು. ಅವಳು ಇವರ ಕಡೆ ನೋಡುತ್ತಿರಲಿಲ್ಲ.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಇವರು ಅದನ್ನು ವಾಡಿಗೆ ಒಯ್ದು, ಅದೇ ಪೆಡಲ್‌ಗಳನ್ನು ಅದೇ ಮಿಸ್ತ್ರಿಯ ಕೈಯಿಂದ ಮತ್ತೆ ಕೂಡಿಸಿದರು. ಕಾಟೋಲದಲ್ಲಿ ಒಬ್ಬರು ಹೊಸದಾಗಿ ಕ್ಲಾಸು ತೆಗೆಯುವವರಿದ್ದರು, ಅವರಿಗೆ ಆಗಿದ್ದೆಲ್ಲ ಹೇಳಿ ಗಾಡಿ ಕೊಟ್ಟರು. ಮೊದಲೇ ಹೀಗೆ ಮಾಡಬಹುದಿತ್ತು. ಮೃದುಲಾ, ನೀನು ಅತ್ತೆಯವರಿಗೆ ಹತ್ತಿ ಇಳಿಯಲಿಕ್ಕೆ ಸುಲಭ ಆಗಲಿ ಅಂತ ಗಾಡಿಗೆ ತಿರುಗುವ ಸೀಟು ಕೂಡಿಸಿದ್ದೀಯಲ್ಲ, ಅದನ್ನು ಕಿತ್ತು ಮಾರಬೇಡ. ಅದು ಬೇಕಾದವರು ಎಲ್ಲೋ ಇರುತ್ತಾರೆ, ಹುಡುಕು. ಟ್ರಯಲ್‌ಗೆ ಯಾರೇ ಬರಲಿ, ಮೊದಲು ನೀನು ಓಡಿಸಿ ತೋರಿಸು. ಅವರು ಓಡಿಸುವಾಗ ಖಾಲಿ ಮೈದಾನದಲ್ಲಿ ಓಡಿಸಲಿ, ನಿನ್ನ ಕೈ ಹ್ಯಾಂಡ್ ಬ್ರೇಕಿನ ಮೇಲೆ ಇರಲಿ. ಅಪ್ಪ ನೋಡಬೇಕು ಅಂದರೆ ಅಪ್ಪನೇ ಬರಲಿ.

ಇವರು ಆಮೇಲೆಯೂ ಕೆಲವು ವರ್ಷ ಇದ್ದರು. ಊಟ ಮಾಡುತ್ತಿದ್ದರು, ಪೇಪರು ಓದುತ್ತಿದ್ದರು. ಖಂಡೇನವಮಿಗೆ ಮನೆಯಲ್ಲಿ ಪೂಜೆಗೆ ಇಡಲಿಕ್ಕೆ ಏನೂ ಇರಲಿಲ್ಲ, ನಾನು ಈಳಿಗೆ ಮಣೆಗೆ ಕುಂಕುಮ ಹಚ್ಚುತ್ತಿದ್ದೆ.

ಒಂದು ದಿನ ಕಣ್ಣಿನ ಆಸ್ಪತ್ರೆಯಿಂದ ಆಟೋದಲ್ಲಿ ಬರುತ್ತಿದ್ದೆವು. ಅಡ್ಡ ಒಬ್ಬ ಸೈಕಲ್ಲಿನವ ನುಗ್ಗಿದ, ಆಟೋದವ ಗಕ್ಕನೆ ಬ್ರೇಕು ಹಾಕಿದ. ನನ್ನ ಹಣೆ ಮುಂದಿನ ಸರಳಿಗೆ ಬಡಿಯಿತು. ಆ ನೋವಿನಲ್ಲೂ ನಾನು ಮೊದಲು ನೋಡಿದ್ದು ಇವರ ಬಲಗಾಲು. ಚಪ್ಪಲಿಯೊಳಗೆ ಅದು ಇಟ್ಟ ಹಾಗೆಯೇ ಇತ್ತು. ಅಲುಗಿರಲಿಲ್ಲ. ಇವರು ಸೈಕಲ್ಲಿನವ ಹೋದ ದಿಕ್ಕನ್ನೇ ನೋಡುತ್ತಿದ್ದರು.

"ಪೆಟ್ಟಾತೇನು?" ಅಂತ ಕೇಳಿದರು.

ಇಲ್ಲ ಅಂದೆ.