ಬಂದ್ ಆಗಿದ್ದ ನಂಬರಿಗೆ ಹೋದ ಕರೆ

ನಾನು ಗಣಿತದ ಟೀಚರ್. ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಯಾರಾದರೂ ತೆಗೆದರೆ ‘ಎಲ್ಲಿ? ಎಷ್ಟೊತ್ತಿಗೆ? ನೋಡಿದವರು ಯಾರು?’ ಎಂದು ಕೇಳಿ ಅವರ ಕಥೆ ಕೆಡಿಸುವುದು ನನ್ನ ಹಳೆಯ ಚಟ. ನಾನು ಸ್ಟಾಫ್ ರೂಮಿಗೆ ಬಂದರೆ ಸಾಕು, ಅಂಥ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ಅದೇ ಮೂರು ಪ್ರಶ್ನೆ ಕೇಳಿ, ನನಗೇನೂ ಬೇಜಾರಿಲ್ಲ. ಎಲ್ಲಿ, ಎಷ್ಟೊತ್ತಿಗೆ ಎನ್ನುವುದಕ್ಕೆ ಉತ್ತರ ನನ್ನ ಬಳಿ ಇದೆ. ಯಾರು ಎನ್ನುವುದಕ್ಕೆ ಮಾತ್ರ ಇಲ್ಲ.

ನಮ್ಮ ಮನೆ ರಾಯಚೂರಿನಲ್ಲಿ, ನನ್ನ ಶಾಲೆ ದೇವದುರ್ಗದ ಆಚೆ ಒಂದು ಹಳ್ಳಿಯಲ್ಲಿ. ಅಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮನೆಯಲ್ಲಿ ಕಾಕಾ ಇದ್ದುದರಿಂದ ಅದು ನನಗೆ ದೊಡ್ಡ ಚಿಂತೆಯಾಗಿತ್ತು. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಮಾನ್ವಿಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಮಕ್ಕಳಿರಲಿಲ್ಲ, ಕಾಕಿ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಎಂಬತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಓಣಿ ಮರೆತರು, ಮನೆ ಮರೆತರು, ಕೆಲವು ದಿನ ತಮ್ಮ ಹೆಸರನ್ನೂ ಮರೆಯುತ್ತಿದ್ದರು.

ಅವರ ತಲೆಯಲ್ಲಿ ಗಟ್ಟಿಯಾಗಿ ಉಳಿದದ್ದು ನನ್ನ ಫೋನ್ ನಂಬರ್ ಒಂದೇ. ಚಿಕ್ಕಂದಿನಲ್ಲಿ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಮಗ್ಗಿ ಕಲಿತವರು, ಎಣಿಕೆಯೆಲ್ಲ ಉರ್ದುವಿನಲ್ಲೇ. ಹತ್ತು ಅಂಕಿಗಳನ್ನು ಎರಡೆರಡಾಗಿ ಒಡೆದು, ಮಗ್ಗಿಯ ಧಾಟಿಯಲ್ಲಿ ನಾನೇ ಅವರಿಗೆ ಬಾಯಿಪಾಠ ಮಾಡಿಸಿದ್ದೆ. ಕೊನೆಯ ‘ಉನ್ಸಟ್’, ಅಂದರೆ ಐವತ್ತೊಂಬತ್ತು, ಬಂದಾಗ ಮೇಜು ಕುಟ್ಟಿ ಪಾಠ ಮುಗಿಸುತ್ತಿದ್ದರು. ಹೀಗಾಗಿ ನಂಬರ್ ಬದಲಿಸುವ ಮಾತೇ ಇರಲಿಲ್ಲ. ಅದೇ ನಂಬರ್ ಇಟ್ಟುಕೊಂಡು ಕಂಪನಿಯನ್ನಷ್ಟೇ ಬದಲಿಸಬಹುದು ಎಂದು ಮೊಬೈಲ್ ಅಂಗಡಿಯವನು ಹೇಳಿದ, ಒಪ್ಪಿಕೊಂಡೆ.

ಸೋಮವಾರ ಬೆಳಿಗ್ಗೆ ಹಳೆಯ ಸಿಮ್ ಸತ್ತಿತು. ಹೊಸದಕ್ಕೆ ಜೀವ ಬರಲಿಲ್ಲ. ಹಳೆಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನದು, ಎರಡೂ ತಾಳೆಯಾಗದೆ ಕೆಲಸ ನಿಂತಿತ್ತು. ಹಳೆಯ ಕಂಪನಿಯವರು “ನಮ್ಮಿಂದ ಹೋಗ್ಯದ ಮೇಡಂ” ಎಂದರು, ಹೊಸಬರು “ನಮಗಿನ್ನೂ ಬಂದಿಲ್ರಿ” ಎಂದರು. ತವರು ಬಿಟ್ಟ ಮದುಮಗಳು ಗಂಡನ ಮನೆ ಮುಟ್ಟದೆ ದಾರಿಯಲ್ಲೇ ಉಳಿದ ಹಾಗೆ ಆಯಿತು ನನ್ನ ನಂಬರಿನ ಪಾಡು. ಮೊದಲ ಎರಡು ದಿನ ನಾನೂ ಹಾಗೆಂದು ನಗೆಯಾಡಿದೆ.

ಬುಧವಾರ ರಜೆ ಹಾಕಿ ಮತ್ತೆ ಹೊಸ ಕಂಪನಿಯ ಕಚೇರಿಗೆ ಹೋಗಿದ್ದೆ. ಹನ್ನೊಂದಕ್ಕೆ ಮನೆಗೆ ಬಂದರೆ ಗೇಟು ತೆರೆದಿತ್ತು. ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದ ಹತ್ತು ನಿಮಿಷದಲ್ಲಿ ಕಾಕಾ ಕೊಡೆ ಹಿಡಿದು ಹೊರಟುಬಿಟ್ಟಿದ್ದರು. ಅವರು ಸದಾ ಮಾನ್ವಿಗೆ ಹೋಗಬೇಕು, ಶಾಲೆಗೆ ಹೊತ್ತಾಯಿತು ಎನ್ನುತ್ತಿದ್ದರು. ಮನೆಯವರು ಪೊಲೀಸ್ ಠಾಣೆಗೆ ಓಡಿದರು, ನಾನು ಮಾನ್ವಿ ಬಸ್ ಹತ್ತಿದೆ. ಕೈಯಲ್ಲಿ ಆ ಸತ್ತ ಫೋನ್.

ಆ ದಾರಿಯ ಸಂಕಟವನ್ನು ಹೇಗೆ ಹೇಳಲಿ? ಕಾಕಾ ಕಳೆದುಹೋದ ದುಃಖಕ್ಕಿಂತ ಬೇರೊಂದು ಭಯ ನನ್ನನ್ನು ತಿನ್ನುತ್ತಿತ್ತು. ಈಗ ಎಲ್ಲೋ ಒಬ್ಬ ಪುಣ್ಯಾತ್ಮ ಅವರನ್ನು ಕೂಡಿಸಿಕೊಂಡು ನನ್ನ ನಂಬರ್ ಒತ್ತುತ್ತಿರಬಹುದು. ‘ಈ ನಂಬರ್ ಬಳಕೆಯಲ್ಲಿಲ್ಲ’ ಎಂದು ಕೇಳಿಸಿ, ಮುದುಕನಿಗೆ ತಲೆ ಕೆಟ್ಟಿದೆ ಎಂದು ಎದ್ದು ಹೋಗುತ್ತಿರಬಹುದು. ಅವರಿಗೆ ಗೊತ್ತಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿದ್ದೆ, ಅದೂ ಸಿಗ್ನಲ್ಲಿನ ಆಸೆಗೆ.

ಮಾನ್ವಿಯಲ್ಲಿ ಅವರ ಹಳೆಯ ಶಾಲೆ, ಹಳೆಯ ಓಣಿ, ಪರಿಚಯದ ಮನೆಗಳನ್ನೆಲ್ಲ ತಿರುಗಿದೆ. ಯಾರೂ ನೋಡಿರಲಿಲ್ಲ. ಐದರ ಹೊತ್ತಿಗೆ ಒಂದು ಔಷಧಿ ಅಂಗಡಿಯ ಫೋನಿನಿಂದ ಮನೆಯವರಿಗೆ ಕರೆ ಮಾಡಿದೆ. “ಕಾಕಾ ಬಂದಾರ, ನೀ ಬಾ” ಎಂದರು. ನಾನು ನೇರ ಬಸ್ ನಿಲ್ದಾಣಕ್ಕೆ ಓಡಿದೆ.

ಮನೆಗೆ ಬಂದಾಗ ಕಾಕಾ ಬಿಸ್ಕತ್ತು ತಿನ್ನುತ್ತಿದ್ದರು. ಪಕ್ಕದಲ್ಲಿ ಒಬ್ಬ ಅಪರಿಚಿತರು, ಸಿರವಾರದ ಟೇಲರ್ ಮಹಬೂಬ್. ಕಾಕಾ ಮಾನ್ವಿ ಬಸ್ಸೆಂದು ಸಿರವಾರದ ಬಸ್ ಹತ್ತಿ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರಂತೆ. ನಾನು ಕೈ ಮುಗಿದು ಎರಡು ಮಾತಾಡುವಷ್ಟರಲ್ಲಿ ಅವರು ತಲೆಯಾಡಿಸಿದರು.

“ಹಾಂ, ಇದಽ ದನಿ ನೋಡ್ರಿ. ಫೋನ್‌ನಾಗ ಇವ್ರಽ ಮಾತಾಡಿದ್ದು.”

“ಯಾವ ಫೋನ್‌ರೀ?” ಎಂದೆ.

“ನಾ ಹಚ್ಚಿದ್ನೆಲ್ರಿ ಮೇಡಂ. ಯಾವೂರು ಅಂದ್ರ ಯಜಮಾನ್ರು ಬರೇ ನಂಬರ್ ಹೇಳಾಕತ್ತಿದ್ರು. ಅರಿವಿ ಮ್ಯಾಲ ಸೀಮೆಸುಣ್ಣದಾಗ ಬರ್ಕೊಂಡು ಹಚ್ಚಿದೆ. ನೀವು ‘ನಾ ಮಾನ್ವಿಯಾಗ ಅದೀನಿ, ನೀವಽ ಕರ್ಕೊಂಡು ಬರ್ರಿ’ ಅಂತ ಮನಿ ಗುರ್ತು ಹೇಳಿದ್ರಿ. ಏಳಲಿಲ್ಲಂದ್ರ ‘ಗಂಟಿ ಹೊಡದದ ಸರ್’ ಅನ್ರಿ, ಎದ್ದು ಬರ್ತಾರ ಅಂದ್ರಿ. ಹಂಗಽ ಅಂದೆ. ಕೊಡಿ ಹಿಡ್ಕೊಂಡು ಎದ್ದಽ ಬಿಟ್ರು!”

‘ಗಂಟೆ ಹೊಡೆದಿದೆ’ ಎಂದರೆ ಕಾಕಾ ಏಳುತ್ತಾರೆ ಎನ್ನುವುದು ನನಗೇ ಗೊತ್ತಾಗಿದ್ದು ಅವತ್ತು ಬೆಳಿಗ್ಗೆ, ಅವರನ್ನು ಹಾಸಿಗೆಯಿಂದ ಎಬ್ಬಿಸುವಾಗ. ಮನೆಯವರಿಗೂ ಇನ್ನೂ ಹೇಳಿರಲಿಲ್ಲ.

ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? ಉರ್ದು ಎಣಿಕೆಯಲ್ಲಿ ‘ಉನ್ಸಟ್’ ಐವತ್ತೊಂಬತ್ತು, ‘ಉನಾಸಿ’ ಎಪ್ಪತ್ತೊಂಬತ್ತು. ಕೇಳುವಾಗ ತಪ್ಪಿ ಬೇರೆ ಯಾರಿಗೋ ಹೋಗಿರಬೇಕು ಎಂದು ಅವರ ಫೋನ್ ಇಸಿದುಕೊಂಡು ನೋಡಿದೆ. ಹತ್ತೂ ಅಂಕಿ ಸರಿಯಾಗಿದ್ದವು. ಎರಡು ಗಂಟೆ ಹತ್ತು ನಿಮಿಷಕ್ಕೆ ಹೋದ ಕರೆ, ನಾಲ್ಕು ನಿಮಿಷದ ಮಾತು. ಅಲ್ಲೇ ಅದೇ ಫೋನಿನಿಂದ ಮತ್ತೆ ನನ್ನ ನಂಬರ್ ಒತ್ತಿದೆ. ಬಳಕೆಯಲ್ಲಿಲ್ಲ ಎಂದಿತು.

ಶುಕ್ರವಾರ ನಂಬರ್ ವಾಪಸ್ ಬಂತು. ಆ ಕರೆಯ ಗುರುತು ನನ್ನ ಫೋನಿನಲ್ಲಿ ಎಲ್ಲೂ ಇರಲಿಲ್ಲ. ಕಚೇರಿಯ ಹುಡುಗಿಯನ್ನು ಕೇಳಿದೆ. “ಬಂದ್ ಇದ್ದ ನಂಬರಿಗೆ ರಿಂಗಽ ಹೋಗಂಗಿಲ್ರಿ ಮೇಡಂ” ಎಂದು ನಕ್ಕಳು. ಮಹಬೂಬ್ ಅವರು ಸುಳ್ಳು ಹೇಳುವವರಲ್ಲ, ಹೇಳಿ ಅವರಿಗೆ ಆಗಬೇಕಾದದ್ದೂ ಇಲ್ಲ. ಕರೆ ಎಲ್ಲೋ ಅಡ್ಡದಾರಿ ಹಿಡಿದು ಇನ್ನೊಬ್ಬಳಿಗೆ ಹೋಯಿತು ಎಂದುಕೊಂಡರೂ, ನಾನು ಮಾನ್ವಿಯಲ್ಲಿರುವುದು ಅವಳಿಗೆ ಗೊತ್ತಾದದ್ದು ಹೇಗೆ?

ಕಾಕಾ ತೀರಿಕೊಂಡು ಈಗ ಒಂದು ವರ್ಷವಾಯಿತು. ಆ ಬುಧವಾರ ಸಂಜೆ, ಮಹಬೂಬ್ ಅವರನ್ನು ಬಸ್ ಹತ್ತಿಸಿ ಬಂದ ಮೇಲೆ, ಅವರ ಕಾಲ ಬಳಿ ಕೂತು ಕೇಳಿದ್ದೆ: “ಕಾಕಾ, ಫೋನ್‌ನಾಗ ನೀವೂ ಮಾತಾಡಿದ್ರೇನು? ಯಾರಿದ್ರು?”

ಅವರು ನನ್ನನ್ನು ದಡ್ಡ ಹುಡುಗಿಯನ್ನು ನೋಡುವ ಹಾಗೆ ನೋಡಿದರು. “ನೀನಽ ಅಲ್ಲೇನು? ಅಳಾಕತ್ತಿದ್ದಿ. ನಾ ಇಲ್ಲೇ ಅದೀನಿ, ಅಳಬ್ಯಾಡ ಯವ್ವಾ ಅಂದೆ. ಆಮ್ಯಾಲ ಸುಮ್ಮನಾದಿ.”

ಅವತ್ತು ಎರಡರ ಸುಮಾರಿಗೆ ನಾನು ಮಾನ್ವಿ ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯದ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದಿರಲೆಂದು ನಲ್ಲಿ ಬಿಟ್ಟು, ಅಪ್ಪ ಸತ್ತಾಗಲೂ ಅಳದಷ್ಟು ಅತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಅಳು ಇದ್ದಕ್ಕಿದ್ದಂತೆ ನಿಂತಿತ್ತು. ಮುಖ ತೊಳೆದು ಹೊರಗೆ ಬಂದಿದ್ದೆ. ಯಾಕೆ ನಿಂತಿತು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.