ಎಡಗಡೆಯ ಕೆಂಪು ಅಂಚು

ಕ್ಷೌರದಂಗಡಿಯ ಕದ ತೆಗೆದ ಕೂಡಲೇ ಕತ್ತರಿಮಾವ ಪೊರಕೆ ಹಿಡಿಯುತ್ತಿರಲಿಲ್ಲ, ಕತ್ತರಿಯನ್ನೂ ಮುಟ್ಟುತ್ತಿರಲಿಲ್ಲ. ಗಿರಾಕಿಗಳು ಕೂರುವ ತಿರುಗುವ ಕುರ್ಚಿಯಲ್ಲಿ ತಾನೇ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. "ನನ್ನ ಕೈಗೆ ಕುತ್ತಿಗೆ ಒಪ್ಪಿಸಿ ಕೂರ್ತಾರಲ್ಲ, ಅವರಿಗೆ ಹೇಗನ್ಸುತ್ತೆ ಅಂತ ದಿನಾ ಒಂದ್ಸಲ ನೆನಪಾಗ್ಬೇಕು" ಎನ್ನುತ್ತಿದ್ದ. ಅವನ ಪ್ರಾರ್ಥನೆಯೆಂದರೆ ಅಷ್ಟೇ. ಮೈ ಸುಡುವ ಜ್ವರ ಬಂದಾಗಲೂ ಅದು ತಪ್ಪಿದ್ದಿಲ್ಲ.

ಬೀದಿಗೆಲ್ಲ ಅವನು ಮಾವ. ಅವನಿಗಿಂತ ದೊಡ್ಡವರೂ ಮಾವ ಎಂದೇ ಕರೆಯುತ್ತಿದ್ದರು. ಅವನ ಕೈ ಎಷ್ಟು ಹಗುರವೆಂದರೆ ಕುರ್ಚಿಯಲ್ಲಿ ಕೂತವರಿಗೆ ನಿದ್ದೆ ಎಳೆದುಕೊಂಡು ಬರುತ್ತಿತ್ತು. ಎದುರು ಸಾಲಿನ ಬೇಕರಿಯವನಂತೂ ಗಡ್ಡ ಮಾಡಿಸಲು ಬರುತ್ತಿದ್ದನೋ ಗೊರಕೆ ಹೊಡೆಯಲು ಬರುತ್ತಿದ್ದನೋ ಹೇಳುವುದು ಕಷ್ಟ. ರಾತ್ರಿಯೆಲ್ಲ ಒಲೆಯ ಮುಂದೆ ನಿಲ್ಲುವ ಜೀವ, ಪಾಪ.

ಒಂದು ದಿನ ಬೆಳಿಗ್ಗೆ ಮಾವನಿಗೆ ತಲೆ ಸ್ವಲ್ಪ ಭಾರವಾಗಿತ್ತು. ನಿದ್ದೆ ಕಡಿಮೆಯಾಗಿರಬೇಕು ಎಂದುಕೊಂಡ. ಎಂದಿನಂತೆ ಬೇಕರಿಯವನು ಬಂದು ಕುರ್ಚಿಗೆ ಒರಗಿದ, ಗೊರಕೆ ಶುರುವಾಯಿತು. ಮಾವ ಬೆನ್ನ ಹಿಂದೆ ನಿಂತು ನೊರೆ ಹಚ್ಚಿ, ಗಡ್ಡ ತೆಗೆದು, ಮೀಸೆ ತಿದ್ದಿ, ಬಟ್ಟೆ ಕೊಡವಿದ. ಬೇಕರಿಯವನು ಕಣ್ಣುಜ್ಜಿಕೊಂಡು, ಕನ್ನಡಿಯ ಕಡೆಗೂ ನೋಡದೆ ಎದ್ದುಹೋದ. ಮಾವನ ಕೆಲಸವನ್ನು ಕನ್ನಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಅವನು ವಾಪಸು ಬಂದ. ಬಲಗೆನ್ನೆ ಬೆಣ್ಣೆಯಂತಿತ್ತು, ಎಡಗೆನ್ನೆಯಲ್ಲಿ ನಿನ್ನೆಯ ಗಡ್ಡ ಹಾಗೇ ನಿಂತಿತ್ತು. ಮೀಸೆ ಬಲಕ್ಕೆ ಚೂಪು, ಎಡಕ್ಕೆ ಪೊದೆ.

"ಮಾವಾ, ಮಿಕ್ಕರ್ಧ ಮುಂದಿನ ವಾರಾನಾ? ಬ್ರೆಡ್ ತಗೊಳ್ಳೋಕೆ ಬಂದೋರೆಲ್ಲ ಬ್ರೆಡ್ ಬಿಟ್ಟು ನನ್ನೇ ನೋಡ್ತಿದ್ದಾರೆ!"

ಮಾವ ಅವನ ಮುಖವನ್ನು ಕನ್ನಡಿಯಲ್ಲಿ ದಿಟ್ಟಿಸಿ ನೋಡಿದ. "ಸರಿಯಾಗೇ ಇದೆಯಲ್ಲೋ! ಇನ್ನೇನಾಗ್ಬೇಕು ನಿಂಗೆ?"

ಕಾಯುತ್ತ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗದ್ದಲ ಕೇಳಿ ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದ. ಅವನು ಮಾತ್ರ ನಗಲಿಲ್ಲ. ಮಾವನ ಎಡಗಡೆ ಬಂದು ನಿಂತು ಕೈ ಆಡಿಸಿದ. ಮಾವನ ರೆಪ್ಪೆ ಅಲುಗಲಿಲ್ಲ. "ನಡಿಯೋ ಆಸ್ಪತ್ರೆಗೆ" ಎಂದ. ಎರಡನೇ ಮಾತಿಗೆ ಅವಕಾಶವನ್ನೇ ಕೊಡಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ನಿಮ್ಮ ಕಣ್ಣೆರಡೂ ಗಟ್ಟಿಯಾಗಿವೆ. ಮೆದುಳಿನ ಬಲಭಾಗದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿದೆ. ಅದಕ್ಕೇ ಎರಡು ಕಣ್ಣಿಗೂ ಎಡಗಡೆ ಇರೋದು ಕಾಣ್ತಿಲ್ಲ. ಕಾಣ್ತಿಲ್ಲ ಅನ್ನೋದೂ ನಿಮಗೆ ಗೊತ್ತಾಗ್ತಿಲ್ಲ."

"ಅಂದ್ರೆ ಮುಳ್ಳು ಸರಿ ಇದೆ, ಒಳಗಿನ ಚಕ್ರ ಕೈಕೊಟ್ಟಿದೆ" ಎಂದ ವಾಚಿನವನು.

ಮಾವ ಕೇಳಿದ್ದು ಒಂದೇ ಮಾತು. "ಕತ್ತಿ ಹಿಡೀಬಹುದಾ ಸಾರ್?"

"ಸದ್ಯಕ್ಕೆ ಬೇಡ. ಮುಂದೆ ಹೇಗೋ, ಈಗಲೇ ಹೇಳೋಕಾಗಲ್ಲ."

ಮಾವನ ಮುಖ ಸಣ್ಣಗಾಯಿತು. ಇನ್ನೊಬ್ಬರ ಗಲ್ಲ ಹಿಡಿಯುವುದನ್ನು ಬಿಟ್ಟರೆ ಈ ಕೈಗೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ.

ಮನೆಗೆ ಬಂದ ದಿನ ಹೆಂಡತಿ ಊಟ ಬಡಿಸಿದಳು. ಮಾವ ತಿಂದು ಮುಗಿಸಿ ಗೊಣಗಿದ: "ಏನೇ, ಆಸ್ಪತ್ರೆಯಿಂದ ಬಂದೋನಿಗೆ ಇಷ್ಟೇನಾ? ತರಕಾರಿ ಹಾಕೋಕೂ ಕೈ ಬರಲಿಲ್ವಾ?"

ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅನ್ನ, ತರಕಾರಿ, ಎಲ್ಲವೂ ಬಲಗಡೆಗೆ ಬಂದು ಕೂತವು.

"ಅರೆ! ಇದೆಲ್ಲಿತ್ತು?"

"ಅಲ್ಲೇ ಇತ್ತು ರೀ. ದೇವರು ಬಡಿಸಿದ್ದನ್ನ ನೀವೇ ನೋಡಿಲ್ಲ" ಎಂದಳು. ಹೇಳಿ ಮುಗಿಸುವುದರೊಳಗೆ ಅವಳಿಗೆ ನಗು ಬಂತು, ಅವನಿಗೂ ಬಂತು. ಅಳುವುದಕ್ಕಿಂತ ಅದೇ ವಾಸಿ ಎನ್ನುವಂತೆ ಇಬ್ಬರೂ ಅನ್ನ ಆರುವ ತನಕ ನಕ್ಕರು.

ಈ ಉಪಾಯ ಕೇಳಿ, ಆಸ್ಪತ್ರೆಯಲ್ಲಿ ಕಣ್ಣಿನ ಅಭ್ಯಾಸ ಮಾಡಿಸುವ ಹುಡುಗಿ ಮಾತ್ರ ಗದರಿದಳು. "ಅಮ್ಮಾ, ನೀವು ತಟ್ಟೆ ತಿರುಗಿಸ್ತಾ ಇದ್ರೆ ಅವರ ತಲೆ ಯಾವಾಗ ತಿರುಗೋದು? ಎಡಗಡೆ ತುದಿಯಲ್ಲಿ ಏನಾದ್ರೂ ಕೆಂಪಗಿರೋದನ್ನ ಇಡಿ. ಕೆಂಪು ಕಾಣೋವರೆಗೂ ಅವರು ಕತ್ತು ತಿರುಗಿಸಲಿ. ಕಂಡ ಮೇಲೇ ಕೆಲಸ ಶುರು."

ಅವತ್ತಿನಿಂದ ಮನೆ ತುಂಬ ಕೆಂಪು. ತಟ್ಟೆಯ ಎಡಕ್ಕೆ ಕೆಂಪು ಲೋಟ, ಬಾಗಿಲಿನ ಎಡ ಚೌಕಟ್ಟಿಗೆ ಕೆಂಪು ಪಟ್ಟಿ. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಗೂ ಹೆಂಡತಿ ಎಡ ಭುಜದ ಮೇಲೆ ಬರುವ ಹಾಗೆ ಕೆಂಪು ಅಂಚು ಹೊಲಿದಳು. ಗಂಡ ಒಂದು ದಿನ ಅಂಗಡಿಗೆ ಹೋಗಿಯೇ ಹೋಗುತ್ತಾನೆ ಎಂದು ಅವಳು ದೇವರ ಹತ್ತಿರ ಆಗಲೇ ಮಾತಾಡಿಕೊಂಡಿದ್ದಳು.

ಕ್ಷೌರದ ಕೆಲಸ ಕಲಿಯುವವರು ಮೊದಲು ಕತ್ತಿ ಇಡುವುದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಕೆರೆದು ತೆಗೆಯಬೇಕು. ಕೂದಲು ನೆರೆತ ಮಾವ ಮತ್ತೆ ಅಲ್ಲಿಂದಲೇ ಶುರುಮಾಡಿದ. ಹೆಂಡತಿ ಊದುತ್ತಿದ್ದಳು, ಕಣ್ಣು ಮೂಗು ಬರೆದು ಕುರ್ಚಿಯ ಬೆನ್ನಿಗೆ ಕಟ್ಟಿ, ಬಟ್ಟೆ ಹೊದಿಸುತ್ತಿದ್ದಳು. ಮೊದಮೊದಲು ಬಲೂನುಗಳೆಲ್ಲ ಅರ್ಧ ಗಡ್ಡ ಬಿಟ್ಟ ಸನ್ಯಾಸಿಗಳಾದವು. ಆಮೇಲೆ ಮಾವ ಕತ್ತು ತಿರುಗಿಸಿ ಎಡದ ಅಂಚು ಹುಡುಕತೊಡಗಿದ. ಆತುರಪಟ್ಟಾಗ ಢಬ್ ಎನ್ನುತ್ತಿತ್ತು.

"ಯಾರ್ ಹೋದ್ರು?" ಎಂದು, ಮಾತಾಡಿಸಲು ಬಂದ ವಾಚಿನವನು ಮನೆಯ ಕಿಟಕಿಯಿಂದ ಕೇಳುತ್ತಿದ್ದ.

"ನಿನ್ನ ಹಾಗೇ ಇದ್ದ ಕಣೋ, ಬರೀ ಗಾಳಿ!"

ದಿನ ಕಳೆದಂತೆ ಢಬ್ ಎನ್ನುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಡಾಕ್ಟರೂ ಮತ್ತೆ ಮತ್ತೆ ಪರೀಕ್ಷೆ ಮಾಡಿ, ಬಲೂನಿನ ಗಡ್ಡವನ್ನೂ ಕಣ್ಣಾರೆ ನೋಡಿ, ಹೂಂ ಎಂದರು. ಎಡಗಡೆ ಕಣ್ಣಿಗೆ ತಾನಾಗಿ ಕಾಣುತ್ತಿರಲಿಲ್ಲ, ನಿಜ. ಅದನ್ನು ಹುಡುಕಿಕೊಂಡು ಹೋಗುವುದು ಮಾತ್ರ ಕುತ್ತಿಗೆಗೆ ರೂಢಿಯಾಗಿತ್ತು.

ಅಂಗಡಿ ತೆರೆಯಿತು. ಮಾವ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಎದ್ದು, ಬಟ್ಟೆ ಕೊಡವಿ ನಿಂತ. ಬೀದಿಗೆ ಬೀದಿಯೇ ಮಾತಾಡಿಸಲು ಬಂತು. ಕೂರಲು ಮಾತ್ರ ಯಾರೂ ಬರಲಿಲ್ಲ. "ಮೊನ್ನೆ ತಾನೆ ಮಾಡಿಸ್ದೆ ಮಾವ" ಎಂದು ಕಿವಿ ಮುಚ್ಚುವಷ್ಟು ಕೂದಲು ಬಿಟ್ಟವರೂ ಹೇಳಿ ಜಾರಿಕೊಂಡರು. ಅವರನ್ನು ಹೇಗೆ ದೂರುವುದು? ಕುತ್ತಿಗೆ ಯಾರಿಗೂ ಎರಡಿರುವುದಿಲ್ಲ. ಹೀಗೇ ಆದರೆ ಬಾಗಿಲು ಹಾಕುವುದೇ ಸರಿ ಎಂದು ಮಾವ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವಾಗ ಬೇಕರಿಯವನು ಒಳಗೆ ಬಂದ.

"ನಾಳೆ ಮಗಳ ಮದುವೆ ಮಾವ. ಫೋಟೋದಲ್ಲಿ ಎರಡು ಕೆನ್ನೆನೂ ಬರ್ಬೇಕು" ಎಂದು ಕೂತೇಬಿಟ್ಟ.

ಬಾಯಿ ಧೈರ್ಯವಾಗಿತ್ತು, ಕಣ್ಣು ಮಾತ್ರ ಗೂಬೆಯ ಕಣ್ಣಿನಂತೆ ಅಗಲವಾಗಿ ತೆರೆದೇ ಇತ್ತು. ಬಾಗಿಲಲ್ಲಿ ಜನ ಸೇರಿದರು. ಮಾವ ಬಟ್ಟೆ ಹೊದಿಸಿ, ಹಿಂದೆ ನಿಂತು, ಕತ್ತನ್ನು ಎಡಕ್ಕೆ ತಿರುಗಿಸಿದ. ಇನ್ನೂ ತಿರುಗಿಸಿದ. ಕೆಂಪು ಅಂಚು ಕಂಡಿತು. ಅಲ್ಲಿಂದ ನೊರೆ ಶುರುವಾಯಿತು. ಪ್ರತಿ ಸಲ ಕತ್ತಿ ಇಡುವ ಮುಂಚೆಯೂ ಮಾವ ಕೆಂಪನ್ನು ಹುಡುಕಿ, ಅಲ್ಲಿಂದ ಹೊರಟು ಬಲಕ್ಕೆ ಬಂದ. ಬೇಕರಿಯವನು ಕನ್ನಡಿಯಲ್ಲಿ ಕತ್ತಿಯನ್ನೇ ಕಾಯುತ್ತಿದ್ದ. ಎಡಗೆನ್ನೆ ಮುಗಿಯಿತು. ಗಲ್ಲದ ಕೆಳಗೆ ಕತ್ತಿ ಇಳಿಯಿತು. ಬಾಗಿಲಲ್ಲಿ ಕೆಮ್ಮಲೂ ಯಾರಿಗೂ ಧೈರ್ಯವಿಲ್ಲ.

ಆಗ ಒಂದು ಸದ್ದು ಕೇಳಿಸಿತು. ಸಣ್ಣದಾಗಿ ಶುರುವಾಗಿ, ಹಳೇ ಬಸ್ಸು ಏರು ಹತ್ತಿದ ಹಾಗೆ ಜೋರಾಯಿತು.

ಗೊರಕೆ!

ಮಾವ ಕತ್ತಿಯನ್ನು ಪಕ್ಕಕ್ಕೆ ಹಿಡಿದು ಒಂದು ಗಳಿಗೆ ನಿಂತ. ಎರಡು ಕಣ್ಣಿನಲ್ಲೂ ನೀರು ತುಂಬಿತು. ತೋಳಿನಿಂದ ಒರೆಸಿಕೊಂಡು, ಮತ್ತೆ ಕೆಂಪು ಹುಡುಕಿ, ಮೀಸೆಗೆ ಕೈ ಹಾಕಿದ. ಕೊನೆಗೆ ಕುರ್ಚಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಸುತ್ತಲೂ ನೋಡಿ, ಬಟ್ಟೆ ಕೊಡವಿದ. ಬೇಕರಿಯವನು ಬೆಚ್ಚಿ ಎದ್ದ. ಎರಡು ಕೆನ್ನೆಯೂ ಒಂದೇ ಹದ. ಅವನು ಕನ್ನಡಿಯ ಕಡೆ ತಿರುಗಿಯೂ ನೋಡದೆ "ಮದುವೆಗೆ ಬರ್ಬೇಕು ಮಾವ, ಮರೀಬೇಡ" ಎಂದು ಹೊರಟ. ಕಿವಿ ಮುಚ್ಚುವಷ್ಟು ಕೂದಲಿದ್ದವರಲ್ಲಿ ಒಬ್ಬ ತಲೆ ಕೆರೆದುಕೊಳ್ಳುತ್ತ ಬಂದು ಕುರ್ಚಿ ಹಿಡಿದ.

ವಾಚಿನವನು ಹತ್ತಿರ ಬಂದು ದನಿ ತಗ್ಗಿಸಿದ. "ಲೋ, ಎಲ್ಲಾ ಸರಿ. ಆದ್ರೂ ನಾಳೆಯಿಂದ ಒಬ್ಬೊಬ್ಬರದ್ದು ಮುಗಿದ ತಕ್ಷಣ ನನ್ನ ಕರಿ. ಎಡಗಡೆ ಒಂದ್ಸಲ ನಾನು ನೋಡಿ ಹೇಳ್ತೀನಿ. ಪಕ್ಕದಲ್ಲೇ ಇರ್ತೀನಲ್ಲ, ನನಗೇನು ಕಷ್ಟ?"

ಮಾವ ಅವನನ್ನು ಕಾಣಲು ಕತ್ತನ್ನು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿದ. ಹಣೆಯ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡ ಆ ಮುಖ ಪೂರ್ತಿಯಾಗಿ ಕಂಡಿತು.

"ಬೇಡ ಕಣಯ್ಯಾ" ಎಂದ ನಗುತ್ತ. "ಒಂದು ಕಣ್ಣು ಮುಚ್ಕೊಂಡೇ ಹೊಟ್ಟೆ ಹೊರೆಯೋನು ನೀನು. ನೀನು ನನಗೆ ಕಣ್ಣು ಕೊಡ್ತೀಯಾ? ಹೋಗು, ನಿನ್ನ ಮುಳ್ಳು ನೋಡ್ಕೋ. ನನ್ನ ಎಡಗಡೆ ನಾನು ನೋಡ್ಕೋತೀನಿ."