ವೇದಿಕೆಗೆ ಬೆನ್ನು ಹಾಕಿ ಕೂರುತ್ತಿದ್ದ ಕಮಲಕ್ಕ

ಕಮಲಕ್ಕ ಒಂದೇ ಒಂದು ಕಾರ್ಯಕ್ರಮವನ್ನೂ ವೇದಿಕೆಯ ಕಡೆ ಮುಖ ಮಾಡಿ ನೋಡಿದವರಲ್ಲ. ಸಭಾಂಗಣದ ಎಡಗಡೆ, ಮೆಟ್ಟಿಲ ಪಕ್ಕ, ಮಡಚುವ ಕುರ್ಚಿಯೊಂದನ್ನು ಉಲ್ಟಾ ತಿರುಗಿಸಿಕೊಂಡು, ಇಳಕಲ್ ಸೀರೆಯ ಸೆರಗನ್ನು ಬಲಭುಜದ ಮೇಲೆಳೆದುಕೊಂಡು, ಜನರ ಕಡೆ ನೋಡುತ್ತಾ ಕೂರುತ್ತಿದ್ದರು. ಹಿಂದೆ ಭರತನಾಟ್ಯ ನಡೆಯಲಿ, ಫ್ಯಾಷನ್ ಶೋ ನಡೆಯಲಿ, ಆಕೆಯ ಕಣ್ಣು ಮಾತ್ರ ಮುನ್ನೂರು ಜನರ ಮೇಲೆ.

ನಾನು ಆಕೆಯನ್ನು ಮೊದಲು ಕಂಡದ್ದೇ ಹಾಗೆ. ಬೇ ಏರಿಯಾದ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಆಗಷ್ಟೇ ಸಾಂಸ್ಕೃತಿಕ ಕಾರ್ಯದರ್ಶಿ ಆಗಿದ್ದೆ. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಹಾಲಿನಲ್ಲಿ ಯುಗಾದಿ ಕಾರ್ಯಕ್ರಮ ನಡೆಯುತ್ತಿತ್ತು. ಯಾರೋ ವಯಸ್ಸಾದವರು ದಿಕ್ಕು ತಪ್ಪಿ ಕೂತಿದ್ದಾರೆ ಅಂದುಕೊಂಡು ಹತ್ತಿರ ಹೋಗಿ, "ಅಮ್ಮಾ, ಸ್ಟೇಜು ಆ ಕಡೆ ಇದೆ" ಅಂದೆ.

"ಗೊತ್ತೈತಿ ತಂಗಿ. ಅಲ್ಲಿ ನೋಡಾಕ ಏನೂ ಇಲ್ಲ."

ವೇದಿಕೆಯ ಮೇಲೆ ಆಗ ಹದಿನಾಲ್ಕು ಜನರ ಸಮೂಹಗಾನ ನಡೆಯುತ್ತಿತ್ತು. ನನಗೆ ಸಿಟ್ಟು ಬಂತು. ಆಮೇಲೆ ಆಕೆ ನೋಡುತ್ತಿದ್ದ ಕಡೆಗೇ ನೋಡಿದೆ. ಮುನ್ನೂರು ಜನರಲ್ಲಿ ಇನ್ನೂರು ಜನ ಫೋನು ನೋಡುತ್ತಿದ್ದರು. ಕತ್ತಲಲ್ಲಿ ಅಷ್ಟೂ ಮುಖಗಳು ಕೆಳಗಿನಿಂದ ಬೆಳ್ಳಗೆ ಹೊಳೆಯುತ್ತಿದ್ದವು.

"ಮಾರಿ ಬೆಳ್ಳಗಾತಂದ್ರ ಐಟಂ ಸತ್ತಂಗ" ಅಂದರು.

ಆಕೆ ಸನ್ನಿವೇಲ್‌ನಲ್ಲಿರುವ ಗೀತಾಳ ತಾಯಿ. ಗೀತಾ ನನ್ನ ಗೆಳತಿ, ಮೆನ್ಲೋ ಪಾರ್ಕಿನಲ್ಲಿ ಕೆಲಸ. ಅವಳ ತಾಯಿ ಗದಗಿನ ಕಡೆಯ ಒಂದು ನಾಟಕ ಕಂಪನಿಗೆ ಮ್ಯಾನೇಜರ್ ಆಗಿದ್ದರು ಎಂದು ನನಗೆ ಗೊತ್ತಾದದ್ದು ಆವತ್ತೇ. ಗಂಡ ಕಂಪನಿಯ ಮಾಲೀಕ, ನಾಟಕ ಬರೆದು ತಾನೇ ಹೀರೋ ಆಗುತ್ತಿದ್ದ ಮನುಷ್ಯ. ಊರೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು. ಯಾವ ಹಾಡು ಉಳಿಯಬೇಕು, ಯಾವ ಹಾಸ್ಯ ಹೋಗಬೇಕು, ಯಾವ ನಟ ಎಷ್ಟು ಹೊತ್ತು ನಿಲ್ಲಬೇಕು, ಇದನ್ನೆಲ್ಲ ನಿರ್ಧರಿಸುತ್ತಿದ್ದವರು ಕಮಲಕ್ಕ. ಮೂವತ್ತು ವರ್ಷ ಟೆಂಟಿನ ಪಕ್ಕದಲ್ಲಿ ನಿಂತು ಜನರ ಕಾಲು ನೋಡಿದವರು. ಅಲ್ಲಿ ಮುಂದಿನ ಸಾಲಿನವರು ಚಪ್ಪಲಿ ಬಿಟ್ಟು ನೆಲಕ್ಕೆ ಕೂರುತ್ತಿದ್ದರಂತೆ. ಕಾಲು ಚಪ್ಪಲಿ ಹುಡುಕುವುದಕ್ಕೆ ಶುರುವಾಯಿತೆಂದರೆ ಆ ದೃಶ್ಯವನ್ನು ಮರುದಿನವೇ ಕತ್ತರಿಸುತ್ತಿದ್ದರು. ಹೀರೋ ಗಂಡನೇ ಆಗಿದ್ದರೂ ಸರಿ. ಇಲ್ಲಿ ಎಲ್ಲರೂ ಷೂ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ, ಕಾಲು ಏನೂ ಹೇಳುವುದಿಲ್ಲ. ಹಾಗಾಗಿ ಮುಖ ನೋಡುವುದನ್ನು ಕಲಿತರು. ಕಲಿಯುವುದಕ್ಕೆ ಒಂದು ಯುಗಾದಿ ಸಾಕಾಯಿತು.

ಮುಂದಿನ ಕಾರ್ಯಕ್ರಮಕ್ಕೆ ನಾನೇ ಆಕೆಯನ್ನು ಕರೆದೆ. ಪಟ್ಟಿ ನೀವು ಮಾಡಿಕೊಡಿ, ನಾನು ನಿಮ್ಮ ಹಿಂದೆ ಇರುತ್ತೇನೆ ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಮನೆಯ ಗರಾಜಿನಲ್ಲಿ ಭಾನುವಾರಗಳಂದು ಟ್ರಯಲ್ಲು. ಕಾರು ಹೊರಗೆ, ಕಮಲಕ್ಕ ಒಳಗೆ. ತೊಡೆಯ ಮೇಲೆ ಹಳೇ ದಿನದರ್ಶಿಯಿಂದ ಹರಿದ ಹಾಳೆಗಳು. ಗದಗಿನಿಂದ ಯಾರೋ ಪ್ರತಿವರ್ಷ ಕಳಿಸಿಕೊಡುವ, ದಿನಕ್ಕೊಂದು ಹರಿಯುವ ಕ್ಯಾಲೆಂಡರು ಅದು. ಮುಂದೆ ತಿಥಿ, ನಕ್ಷತ್ರ. ಹಿಂದಿನ ಖಾಲಿ ಜಾಗದಲ್ಲಿ ಒಂದೊಂದು ಐಟಮ್ಮಿಗೆ ಒಂದೊಂದು ತೀರ್ಪು. "ಮೂರು ನಿಮಿಷಕ್ಕ ಮುಗೀತು, ಇವರು ಒಂಬತ್ತಕ್ಕ ಇಳಿದ್ರು." "ಚೆಂದ. ಆದ್ರ ಬಾಗಲ ತೆರೀತಿದ್ದಂಗ ಹಾಕಬ್ಯಾಡ್ರಿ, ಮಂದಿ ಕುರ್ಚಿ ಹುಡಕತಿರತಾರ." ಎಲ್ಲ ಹಾಳೆಗಳನ್ನೂ ಒಂದು ದೊಡ್ಡ ಪಿನ್ನಿಗೆ ಚುಚ್ಚಿಡುತ್ತಿದ್ದರು.

ಬಾಯಿ ಬರಹಕ್ಕಿಂತ ಹರಿತ. ಕರೋಕೆ ಹಾಡುವ ಒಬ್ಬ ಡಾಕ್ಟರಿಗೆ, "ಹಾಡು ಭಾಳ ಚೊಲೊ ಐತ್ರಿ. ನೀವ್ ಅದರ ನಡು ಬರಬ್ಯಾಡ್ರಿ" ಅಂದಿದ್ದರು. ಆತ ಒಂದು ವಾರ ನನ್ನ ಫೋನು ಎತ್ತಲಿಲ್ಲ. ಆಮೇಲೆ ಎರಡೇ ಚರಣ ಹಾಡಿ, ಜೀವನದಲ್ಲಿ ಮೊದಲ ಸಲ ಒನ್ಸ್‌ಮೋರ್ ಗಿಟ್ಟಿಸಿದರು. ಮಕ್ಕಳಿಗೆ ಮಾತ್ರ ಹಾಗೆ ಬೈಯುತ್ತಿರಲಿಲ್ಲ. ವೇದಿಕೆಗೆ ಬಂದು ಮೂರು ಸಲ ಉಸಿರು ಎಳೆದುಕೊಂಡು ಆಮೇಲೆ ಬಾಯಿ ತೆರೆಯಬೇಕು ಎಂದು ಎಂಟು ವರ್ಷದ ಒಂದು ಹುಡುಗಿಗೆ ಹತ್ತು ಸಲ ಮಾಡಿಸಿದರು. "ಅಜ್ಜಿ ಈಸ್ ಮೀನ್, ಬಟ್ ಶೀಸ್ ರೈಟ್" ಅಂತ ಆ ಹುಡುಗಿ ಅಮ್ಮನಿಗೆ ಹೇಳುತ್ತಿತ್ತು. ಕಮಲಕ್ಕ ಏನಂತ ಕೇಳಿದರು. ಅಜ್ಜಿ ಕೆಟ್ಟವಳು, ಆದರೆ ಹೇಳುವುದು ಸರಿ ಅಂತೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಖುಷಿಯಾಗಿ ಅದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರು.

ಆಕೆಯ ದೊಡ್ಡ ಶತ್ರು ಊಟ. ಕೊನೆಯ ಐಟಮ್ಮು ಯಾವತ್ತೂ ಉಳಿಯುವುದಿಲ್ಲ, ಅದನ್ನು ಸಾರಿನ ವಾಸನೆ ತಿಂದುಹಾಕುತ್ತದೆ ಎಂಬುದು ಆಕೆಯ ಮೊದಲ ಪಾಠ. ಒಳ್ಳೆಯದನ್ನು ಕೊನೆಗೆ ಇಡಬಾರದು, ಕೊನೆಯದಕ್ಕಿಂತ ಒಂದು ಮುಂಚೆ ಇಡಬೇಕು. ಕೊನೆಗೆ ಹಾಕುವುದೇನಿದ್ದರೂ ಯಾರಿಗೂ ಬೇಡದ್ದು, ಆದರೆ ಬಿಡುವುದಕ್ಕೂ ಆಗದ್ದು. ವಂದನಾರ್ಪಣೆ, ಬಹುಮಾನ, ಭಾಷಣ ಇತ್ಯಾದಿ. ಕೇಟರಿಂಗಿನವರ ಬಳಿ ತಾವೇ ಹೋಗಿ, ನಾನು ಕೈ ಎತ್ತುವ ತನಕ ಪಾತ್ರೆಯ ಮುಚ್ಚಳ ತೆಗೆಯಕೂಡದು ಎಂದು ತಾಕೀತು ಮಾಡಿ ಬರುತ್ತಿದ್ದರು.

ಇನ್ನು ನನ್ನ ಕಥೆ. ನಮ್ಮ ಅತ್ತೆ ಇಲ್ಲಿನ ಗ್ರೋಸರಿ ಅಂಗಡಿಯಲ್ಲಿ ಸೌತೆಕಾಯಿ ಕಚ್ಚಿ ರುಚಿ ನೋಡಿ ವಾಪಸ್ ಇಟ್ಟದ್ದನ್ನು ನಾನು ಹನ್ನೊಂದು ನಿಮಿಷ ಅಭಿನಯಿಸಿ ತೋರಿಸುತ್ತಿದ್ದೆ. ಗರಾಜಿನಲ್ಲಿ ಎಲ್ಲರೂ ನಕ್ಕರು. ಕಮಲಕ್ಕ ನಗಲಿಲ್ಲ. ಎಲ್ಲರೂ ಹೋದ ಮೇಲೆ ಹೇಳಿದರು.

"ನಾಕು ನಿಮಿಷ ನೀ ಮಂದೀನ ನಗಸ್ತಿ. ಐದನೇದಕ್ಕ ನೀನ ನಗಾಕ ಹತ್ತೀ. ನಿನ್ನ ನೀ ನೋಡಿಕೊಳ್ಳಾಕ ಶುರು ಮಾಡೀದಿ ಅಂತ ಮಂದಿಗೆ ತಿಳೀತೈತಿ."

ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಏನನ್ನೂ ಹೇಳಿರಲಿಲ್ಲ. ಮಾತು ಚುಚ್ಚಿತು, ಆದರೂ ನಾಲ್ಕು ನಿಮಿಷಕ್ಕೆ ಇಳಿಸಿದೆ. ಆ ದೀಪಾವಳಿಗೆ ಒಂದು ಮುಖವೂ ಬೆಳ್ಳಗಾಗಲಿಲ್ಲ. ಅದರ ವಿಡಿಯೋ ಆನ್‌ಲೈನಿನಲ್ಲಿ ಎಲ್ಲೆಲ್ಲಿಗೋ ಹೋಯಿತು. ನಿಮ್ಮಲ್ಲಿ ಬಹಳ ಜನ ನನ್ನನ್ನು ಹಿಂಬಾಲಿಸುವುದಕ್ಕೆ ಶುರು ಮಾಡಿದ್ದು ಆ ಸೌತೆಕಾಯಿಯಿಂದಲೇ. ಅದನ್ನು ಕತ್ತರಿಸಿ ಕೊಟ್ಟವರು ಯಾರು ಎಂದು ನಾನು ಇವತ್ತಿನವರೆಗೂ ಹೇಳಿರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವರ್ಷದ ರಾಜ್ಯೋತ್ಸವಕ್ಕೆ ಮನೆ ಮಾರಾಟದ ವ್ಯವಹಾರ ಮಾಡುವ ಒಬ್ಬರು ದೊಡ್ಡ ಪ್ರಾಯೋಜಕರಾದರು. ಅವರ ಹೆಂಡತಿಯ ತಂಡದ್ದು ಇಪ್ಪತ್ತೆರಡು ಹೆಂಗಸರ ನೃತ್ಯ, ಹನ್ನೆರಡು ನಿಮಿಷ. ಕಮಲಕ್ಕ ನಾಲ್ಕಕ್ಕೆ ಇಳಿಸಿ ಅಂದರು. ಆ ಹೆಂಗಸು ಗರಾಜಿನಲ್ಲೇ ಅತ್ತರು. ಈ ಅಜ್ಜಿಗೆ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರು. ಕಮಲಕ್ಕ ನನ್ನ ಕಡೆ ನೋಡಿದರು. ನಾನು ಚಹಾ ತರುವುದಕ್ಕೆ ಒಳಗೆ ಹೋದೆ.

ಎರಡು ದಿನ ಬಿಟ್ಟು ಆ ಹೆಂಗಸು ನನಗೆ ಫೋನು ಮಾಡಿ, ರಾಜ್ಯೋತ್ಸವದಲ್ಲಿ ನಿಮ್ಮದೇ ಇಪ್ಪತ್ತು ನಿಮಿಷದ ಸೋಲೋ ಇಟ್ಟರೆ ಹೇಗೆ, ನಾಲ್ಕು ನಿಮಿಷ ನಿಮಗೆ ಅವಮಾನ ಅಲ್ವಾ ಅಂದರು. ಹೌದಲ್ವಾ ಅಂತ ನನಗೂ ಅನ್ನಿಸಿತು.

ಆ ವಾರವೇ ಸಂಘದ ಝೂಮ್ ಮೀಟಿಂಗು. ಕಮಲಕ್ಕನನ್ನು ಕರೆದಿರಲಿಲ್ಲ. ಪ್ರಾಯೋಜಕರಿಗೆ ಬೇಸರವಾಗಿದೆ, ಏನು ಮಾಡೋಣ ಎಂದು ಅಧ್ಯಕ್ಷರು ಕೇಳಿದರು. ನಾನು ಮ್ಯೂಟಿನಲ್ಲಿದ್ದೆ. ಸುಧಾ, ನೀವೇನಂತೀರಿ ಎಂದು ಹೆಸರು ಹಿಡಿದು ಕೇಳಿದಾಗ ಮ್ಯೂಟು ತೆಗೆದೆ.

"ಹಿರಿಯರು, ಅವರಿಗೂ ಸುಸ್ತಾಗುತ್ತೆ. ಈ ಸಲ ಒಂದು ಸನ್ಮಾನ ಮಾಡಿ, ಆರಾಮಾಗಿ ಮುಂದಿನ ಸಾಲಲ್ಲಿ ಕೂರಿಸಿಬಿಡೋಣ."

ಎಲ್ಲರೂ ಒಳ್ಳೇ ಐಡಿಯಾ ಅಂದರು. ಹೌದು, ಐಡಿಯಾ ನನ್ನದೇ. ಒಬ್ಬರನ್ನು ಕೆಲಸದಿಂದ ತೆಗೆಯುವುದಕ್ಕೆ ಶಾಲಿಗಿಂತ ಮೆತ್ತನೆಯ ವಸ್ತು ಇನ್ನೊಂದಿಲ್ಲ ಎಂದು ಆ ಮೀಟಿಂಗಿನಲ್ಲಿ ನಾನೇ ಕಂಡುಹಿಡಿದೆ.

ಸನ್ಮಾನದ ವಿಷಯ ಹೇಳುವುದಕ್ಕೆ ಹೋದಾಗ ಕಮಲಕ್ಕ ಪಟ್ಟಿ ಯಾರು ಮಾಡ್ತಾರ ಅಂತ ಮಾತ್ರ ಕೇಳಿದರು. ಕಮಿಟಿ ಅಂದೆ. ನಂದೆಲ್ಲಿ ಹಾಕೀರಿ ಅಂದರು. ಕೊನೆಯದಕ್ಕಿಂತ ಒಂದು ಮುಂಚೆ, ಒಳ್ಳೇ ಜಾಗ, ನಿಮ್ಮದಾದ ಮೇಲೆ ನಂದು ಅಂದೆ. ಆಗ ಸ್ವಲ್ಪ ನಕ್ಕರು. ಎಷ್ಟು ನಿಮಿಷ ಮಾತಾಡಬಹುದು ಅಂತ ಕೇಳಿದರು. ನಾಲ್ಕು ಅಂದೆ.

ಕಾರ್ಯಕ್ರಮದ ದಿನ ಸಮಯ ನೋಡುವವರು ಯಾರೂ ಇರಲಿಲ್ಲ. ಇಪ್ಪತ್ತೆರಡು ಹೆಂಗಸರ ನೃತ್ಯ ಹದಿನಾರು ನಿಮಿಷ ನಡೆಯಿತು. ಎಲ್ಲವೂ ಮುಂದಕ್ಕೆ ಹೋಗುತ್ತಾ ಹೋಗಿ, ಸನ್ಮಾನದ ಹೊತ್ತಿಗೆ ಊಟದ ಸಮಯಕ್ಕೆ ಹತ್ತೇ ನಿಮಿಷ ಉಳಿದಿತ್ತು. ನಾನು ವೇದಿಕೆಯ ಪಕ್ಕದಲ್ಲಿದ್ದೆ. ಕಮಲಕ್ಕ ಅಲ್ಲೇ ಕುರ್ಚಿಯಲ್ಲಿ, ಹೊಸ ಸೀರೆ ಉಟ್ಟು, ಕೈಯಲ್ಲಿ ಕ್ಯಾಲೆಂಡರಿನ ಹಾಳೆಗಳನ್ನು ಹಿಡಿದು ಕೂತಿದ್ದರು. ಹೊರಗೆ ಯಾರೋ ಮುಚ್ಚಳ ತೆಗೆದರು. ಬಿಸಿಬೇಳೆಬಾತಿನ ವಾಸನೆ ಒಳಗೆ ಬಂತು. ಇಬ್ಬರಿಗೂ ಬಂತು. ಅದರ ಅರ್ಥ ಏನೆಂದು ಆ ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಿರೂಪಕಿಯನ್ನು ಕರೆದು, "ನಂದು ಮೊದಲು ಹಾಕ್ಬಿಡಿ. ಸನ್ಮಾನ ಕೊನೇಲಿರಲಿ, ಚೆನ್ನಾಗಿ ಮುಗಿಯುತ್ತೆ" ಅಂದೆ.

ಪಿಸುಗುಟ್ಟಿ ಹೇಳಿದ್ದಲ್ಲ, ಎದುರಿಗೇ ಹೇಳಿದೆ. ಕಮಲಕ್ಕ ತಲೆ ಎತ್ತಿದರು.

"ಹೋಗು ತಂಗಿ. ಮಂದಿ ಇನ್ನೂ ಕುಂತಾರ."

ಹೋದೆ. ಮೊದಲ ನಾಲ್ಕು ನಿಮಿಷ ಸಭಾಂಗಣವೇ ಅಲ್ಲಾಡಿಹೋಯಿತು. ಐದನೆಯ ನಿಮಿಷಕ್ಕೆ ನಾನೇ ನಕ್ಕೆ. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಮುಖ ಬೆಳ್ಳಗಾಯಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಸಾಲಿಗೆ ಸಾಲು. ಕಾಣುತ್ತಿತ್ತು. ನಿಲ್ಲಿಸಬಹುದಿತ್ತು. ಇನ್ನೊಂದು ಜೋಕಿಗೆ ವಾಪಸ್ ಬರುತ್ತಾರೆ, ಇನ್ನೊಂದಕ್ಕೆ ಬರುತ್ತಾರೆ ಅಂದುಕೊಂಡು ಇಪ್ಪತ್ತಾರು ನಿಮಿಷ ಎಳೆದೆ.

ಸನ್ಮಾನಕ್ಕೆ ಹಾಲಿನಲ್ಲಿ ಉಳಿದಿದ್ದವರು ಅರುವತ್ತು ಜನ ಇರಬಹುದು. ಉಳಿದವರು ತಟ್ಟೆ ಹಿಡಿದು ಕ್ಯೂನಲ್ಲಿ. ಶಾಲು ಹೊದಿಸಿದರು, ಹಾರ ಹಾಕಿದರು, ಗಾಜಿನ ಫಲಕ ಕೊಟ್ಟರು. ಪ್ರಾಯೋಜಕರ ಹೆಂಡತಿಯೇ ಅರಿಶಿನ ಕುಂಕುಮ ಕೊಟ್ಟರು. ಮೈಕು ಕೈಗೆ ಬಂತು. ಮೂವತ್ತು ವರ್ಷ ಕಂಪನಿ ನಡೆಸಿದ ಆ ಹೆಂಗಸು ವೇದಿಕೆಯ ನಡುವೆ ನಿಂತದ್ದು ಅದೇ ಮೊದಲು. ಮೂರು ಸಲ ಉಸಿರು ಎಳೆದುಕೊಂಡರು. ಜನರನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಊಟ ಆರಾಕತ್ತೈತ್ರಿ. ಹೋಗ್ರಿ."

ಇಳಿದುಬಿಟ್ಟರು. ಆವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಎಷ್ಟು ಸರಳ ಜೀವ ಅಂತ ಅಧ್ಯಕ್ಷರು ನನಗೆ ಹೇಳಿದರು.

ಗಾಜಿನ ಫಲಕವನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟುಹೋಗಿದ್ದರು. ಎರಡು ವಾರದ ನಂತರ ಅದನ್ನು ಹಿಡಿದುಕೊಂಡು ಗೀತಾಳ ಅಪಾರ್ಟ್‌ಮೆಂಟಿಗೆ ಹೋದೆ. ಗೀತಾ ಬಾಗಿಲು ತೆಗೆದಳು, ಕೂರು ಅನ್ನಲಿಲ್ಲ. ಹಾಲಿನಲ್ಲಿ ಎರಡು ಸೂಟ್‌ಕೇಸು ತೆರೆದಿದ್ದವು. ಗದಗಿನಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂದು ಕಮಲಕ್ಕ ತಾವೇ ಹಟ ಹಿಡಿದಿದ್ದರಂತೆ. ಇಲ್ಲಿ ಅವ್ವನಿಗೆ ಮಾಡೋ ಕೆಲಸ ಏನಿದೆ ಹೇಳು ಅಂತ ಗೀತಾ ನನ್ನನ್ನೇ ಕೇಳಿದಳು. ಆಮೇಲೆ ಅವಳೇ ಹೇಳಿದಳು: ಸನ್ಮಾನಕ್ಕೆ ಮೊದಲು ಒಂದು ತಿಂಗಳು ಅವ್ವ ಅಡುಗೆಮನೆಯಲ್ಲಿ ಒಲೆಯ ಟೈಮರ್ ಇಟ್ಟುಕೊಂಡು ಮಾತು ಅಭ್ಯಾಸ ಮಾಡಿದ್ದಳು. ತನ್ನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಫಕೀರಪ್ಪ, ಹಾರ್ಮೋನಿಯಂ ನುಡಿಸುತ್ತಿದ್ದ ಮೌಲಾಸಾಬ, ಎಲ್ಲರ ವೇಷ ಒಗೆದು ಮಡಚಿಡುತ್ತಿದ್ದ ನೀಲವ್ವ, ಹೀಗೆ ಒಟ್ಟು ಹನ್ನೊಂದು ಹೆಸರು. ಯಾರ ಹೆಸರನ್ನೂ ಯಾವತ್ತೂ ಯಾರೂ ಮೈಕಿನಲ್ಲಿ ಕೂಗಿರಲಿಲ್ಲ. ಮೊದಲು ಆರು ನಿಮಿಷ ಆಗುತ್ತಿತ್ತು. ಕತ್ತರಿಸಿ ಕತ್ತರಿಸಿ ನಾಲ್ಕಕ್ಕೆ ತಂದಿದ್ದಳು.

ಕಮಲಕ್ಕ ಒಳಗಿನಿಂದ ಬಂದರು. ಉಂಡಿಯೇನು ಅಂತ ಕೇಳಿದರು, ಎಂದಿನಂತೆಯೇ. ಕ್ಷಮೆ ಕೇಳುವುದಕ್ಕೆ ಹೋದವಳು ನಾನು. ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ನನ್ನ ಐಟಮ್ ಹೇಗಿತ್ತು?"

ಆಕೆ ಒಳಗೆ ಹೋಗಿ ಪಿನ್ನಿನ ಗೊಂಚಲಿನಿಂದ ಒಂದು ಹಾಳೆ ಬಿಡಿಸಿ ತಂದು ಕೊಟ್ಟರು. ಮುಂದೆ ರಾಜ್ಯೋತ್ಸವ ಕಾರ್ಯಕ್ರಮದ ದಿನದ ತಿಥಿ. ಹಿಂದೆ ಎರಡು ಸಾಲು.

"ಸುಧಾ. ನಾಕು ನಿಮಿಷ ಚೊಲೊ. ಉಳಿದದ್ದು ನನ್ನ ಟೈಮು."

ಕಳೆದ ವರ್ಷ ಕಮಲಕ್ಕ ಗದಗಿನಲ್ಲಿ ತೀರಿಕೊಂಡರು. ಸಂಘದವರು ಝೂಮಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಗೀತಾ ಬರಲಿಲ್ಲ. ಅಧ್ಯಕ್ಷರು ಹದಿನೆಂಟು ನಿಮಿಷ ಮಾತಾಡಿದರು. ನಾನು ಚೌಕಗಳೊಳಗಿನ ಮುಖಗಳನ್ನು ನೋಡುತ್ತಾ ಕೂತೆ. ಮೂರನೆಯ ನಿಮಿಷಕ್ಕೆ ಮೊದಲನೆಯ ಮುಖ ಬಗ್ಗಿತು, ಕೆಳಗಿನಿಂದ ಬೆಳ್ಳಗಾಯಿತು.

ಆಮೇಲೆ ನನ್ನ ಸರದಿ ಬಂತು. ಆ ಹನ್ನೊಂದು ಹೆಸರನ್ನು ಹೇಳಬೇಕು ಅಂದುಕೊಂಡಿದ್ದೆ. ಮೂರರ ಮೇಲೆ ನನಗೆ ಗೊತ್ತಿರಲಿಲ್ಲ, ಕೇಳಿಕೊಂಡಿರಲೇ ಇಲ್ಲ. ಬದಲಿಗೆ ನನ್ನ ಅವರ ಒಡನಾಟದ ಬಗ್ಗೆ ಮಾತಾಡಿದೆ, ಗರಾಜು, ಸೌತೆಕಾಯಿ, ಎಲ್ಲ. ಎಷ್ಟು ಹೊತ್ತು ಮಾತಾಡಿದೆನೋ ನನಗೆ ಗೊತ್ತಿಲ್ಲ. ಬರೆದುಕೊಳ್ಳುವವರು ಯಾರೂ ಇರಲಿಲ್ಲ.